ಕತ್ತರಿಸಿದ ಕಂಬಳಿ

ಗೊತ್ತಿಲ್ಲದೆ ಕತ್ತರಿಸಿದೆ ಎಂದು ಕರಜಗಿಯ ಅರ್ಧ ಊರಿಗೆ ಹೇಳಿದ್ದೇನೆ. ಗಂಡನಿಗೂ ಹಾಗೆಯೇ ಹೇಳಿದ್ದೇನೆ. ಅದು ಸುಳ್ಳು. ತೊಲೆಗೆ ತೂಗುಹಾಕಿದ ಗಂಟಿನೊಳಗೆ ಬಿಳಿ ಧೋತರದಲ್ಲಿ ಸುತ್ತಿಟ್ಟದ್ದು ನಮ್ಮ ಮನೆದೇವರು ಬಿರೋಬಾನ ಕಂಬಳಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕತ್ತರಿ ಹಾಕಿದೆ. ಇನ್ನೊಮ್ಮೆ ಹಾಕಬೇಕಾದರೂ ಹಾಕುತ್ತೇನೆ.

ಆದರೆ ಬರೆಯಲು ಕುಳಿತದ್ದು ನನ್ನ ಬಗ್ಗೆ ಅಲ್ಲ, ನಮ್ಮತ್ತೆ ಗಂಗೂಬಾಯಿಯ ಬಗ್ಗೆ. ಈ ಎರಡು ತಿಂಗಳಲ್ಲಿ ನಾನು ಯಾರ ಮೇಲೆ ಸಿಟ್ಟಾಗಿಲ್ಲ ಎಂದು ಹುಡುಕಿದರೆ ಕೂಸೊಂದೇ ಸಿಗುತ್ತದೆ. ಅತ್ತೆಯ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದೆ. ಈಗ ಅದೇ ಸಿಟ್ಟನ್ನು ಎಲ್ಲಿಡಬೇಕು ಎಂದು ತಿಳಿಯುತ್ತಿಲ್ಲ.

ಗಂಗೂಬಾಯಿ ಮಂಗಳವೇಢೆ ತಾಲೂಕಿನ ಮರವಡೆಯವಳು. ಹದಿನೈದಕ್ಕೆ ಕರಜಗಿಯ ನಮ್ಮ ಮಾವ ಮಲ್ಲಯ್ಯನ ಮನೆಗೆ ಬಂದಳು. ಬಂದಳು ಎನ್ನುವುದು ಮಾತಿಗೆ. ಮನೆಯಲ್ಲಿ ಕುಳಿತದ್ದು ಕಡಿಮೆ. ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊರಟರೆ ಮಳೆಗಾಲಕ್ಕೆ ತಿರುಗಿ ಬರುವುದು. ಹಾಗೆ ಇಪ್ಪತ್ತು ವರ್ಷ ನಡೆದಿದ್ದಾಳೆ. ಬಯಲಿನಾಚೆಯ ಕುರಿಯನ್ನು ಕರೆದ ದನಿಯಲ್ಲೇ ಎರಡು ಅಂಕಣದ ಮನೆಯೊಳಗೂ ಮಾತಾಡುತ್ತಾಳೆ. ಸೊಂಟದಲ್ಲಿ ಯಾವಾಗಲೂ ಕದರು. ಕೈ ಖಾಲಿಯಾದರೆ ಸಾಕು, ಅದನ್ನು ತೆಗೆದು ತಿರುಗಿಸಿ ಉಣ್ಣೆ ನೂಲುತ್ತಾಳೆ. ಈಗ ಕುರಿ ಮೂವತ್ತಕ್ಕೆ ಇಳಿದಿದ್ದರೂ, ನೂಲು ಕೊಳ್ಳುವವರು ಇಲ್ಲದಿದ್ದರೂ ನೂಲುವುದು ನಿಂತಿಲ್ಲ.

ನನ್ನ ಕೂಸು ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿತು. ಹೆರಿಗೆಗೆ ಕುರನೂರಿನ ಅಣ್ಣನ ಮನೆಗೆ ಹೋಗಬೇಕಾದ ದಿನ ಇನ್ನೂ ದೂರವಿತ್ತು. ಅಕ್ಕಲಕೋಟೆಗೆ ಜೀಪು, ಅಲ್ಲಿಂದ ಸೊಲ್ಲಾಪುರದ ದವಾಖಾನೆ. ಒಂದು ಕಿಲೋ ನಾಲ್ಕುನೂರ ಐವತ್ತು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಅದನ್ನು ಅತ್ತೆ ಕಿಟಕಿಯಿಂದ ನೋಡಿದಳು. ಮಾರಲಿಕ್ಕೆ ತಂದ ಕುರಿಯನ್ನು ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿ, "ಮರಿ ಸಣ್ಣದೈತಿ. ಆದರ ಕಾಲ ಚಲೋ ಅದಾವ, ನಿಲ್ಲತೈತಿ," ಅಂದಳು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಮಾತ್ರ ಹೇಳಿ ಸಂಜೆಯ ಎಸ್‌ಟಿ ಬಸ್ಸು ಹತ್ತಿ ಊರಿಗೆ ಹೋದಳು.

ಹದಿನೆಂಟು ದಿನದ ಮೇಲೆ ನಮ್ಮನ್ನು ಬಿಟ್ಟರು. ಆಗ ಕೂಸು ಒಂದು ಕಿಲೋ ಆರುನೂರ ಇಪ್ಪತ್ತು. ಬಿಡುವಾಗ ಸಿಸ್ಟರ್ ಮರಾಠಿಯಲ್ಲಿ ಮೂರು ಸಲ ಹೇಳಿದಳು: "ಬಾಳಾಲಾ ಛಾತೀಲಾ ಬಾಂಧೂನ ಠೇವಾಯ್ಚಂ, ಸಮಜಲಂ ಕಾ?" ಕೂಸನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಂಡೇ ಇರಬೇಕು. ತಾಯಿಯ ಮೈಯ ಕಾವೇ ಅದರ ಪೆಟ್ಟಿಗೆ. ಸ್ನಾನ ಬೇಡ. ಮೈ ತಣ್ಣಗಾದರೆ, ತೂಕ ಇಳಿದರೆ ತಿರುಗಿ ಕರೆತರಬೇಕು. ಅಲ್ಲಿ ಕಟ್ಟಿಕೊಳ್ಳಲು ಕೊಟ್ಟಿದ್ದ ಬಟ್ಟೆ ದವಾಖಾನೆಯದು, ವಾಪಸು ಕೊಟ್ಟು ಬಂದೆ. ಹೊಲಿಗೆ ಕಲಿತವಳು ನಾನು, ಅಂಥ ಹತ್ತು ಹೊಲಿಯಬಲ್ಲೆ ಎಂದುಕೊಂಡಿದ್ದೆ. ಅವ್ವ ಇಲ್ಲ, ಅತ್ತಿಗೆಯೂ ತುಂಬು ಬಸುರಿ. ಹಾಗಾಗಿ ಕುರನೂರಿಗೆ ಹೋಗದೆ ಕರಜಗಿಗೇ ಬಂದೆ. ಮೊದಲ ದಿನವೇ ಜಗಳ ಶುರುವಾಯಿತು.

"ಹುಟ್ಟಿ ಹದಿನೆಂಟ ದಿನಾ ಆತು, ಮೈಗಿ ನೀರ ಮುಟ್ಟಿಲ್ಲ. ಇದ ಕೂಸೋ, ಉಪ್ಪಿನಕಾಯೋ?" ಅಂದಳು ಅತ್ತೆ, ಹಂಡೆಯ ಬಿಸಿನೀರಿನ ಮುಂದೆ ಕಾಲು ಚಾಚಿ ಕುಳಿತು. ಕೂಸನ್ನು ಕಾಲ ಮೇಲೆ ಮಲಗಿಸಿ ಎರೆಯುವುದು ಅವಳ ಹಕ್ಕು.

"ಸಿಸ್ಟರ್ ಬ್ಯಾಡ ಅಂದಾರ, ಅತ್ತಿ."

"ಆ ನಿನ್ನ ಸಿಸ್ಟರ್ ಎಷ್ಟ ಹಡದಾಳ, ಕೇಳೀಯೇನು?"

"ಅಕಿ ಹಡೀಲಿಲ್ಲಂದ್ರೂ ಇಂಥಾ ಕೂಸ ದಿನಾ ನೋಡ್ತಾಳ."

"ನಾ ನಿನ್ನ ಗಂಡ ಸೋಮ್ಯಾನ್ನ ಮರವಡಿ ದಾರ್ಯಾಗ ಹಡದೀನಿ. ಹಿಂದ ಕುರಿ, ಮುಂದ ಕುರಿ. ಒಂಬತ್ತನೇ ದಿನಕ್ಕ ಎದ್ದ ನಡದೀನಿ. ಯಾವ ಛಾತೀ, ಯಾವ ಬಾಂಧೂನ? ಮಂಗ್ಯಾ ಮರಿ ಕಟ್ಕೊಂಡಂಗ ಕಟ್ಕೊಂಡ ಕುಂತಾಳ ನೋಡ್ರಿ!"

ಆ ಮರವಡೆ ದಾರಿಯ ಕಥೆಯನ್ನು ಮದುವೆಯಾದ ಮೇಲೆ ಹದಿನೈದು ಸಲವಾದರೂ ಕೇಳಿದ್ದೆ. ಪ್ರತಿ ಸಲವೂ ಅದರ ಅರ್ಥ ಒಂದೇ: ನೀನು ಕೈಲಾಗದವಳು. ಕೂಸನ್ನು ಕೊಡಲಿಲ್ಲ. ಹಂಡೆಯ ನೀರನ್ನು ಅವಳು ಸಿಟ್ಟಿನಿಂದ ಕರಿಬೇವಿನ ಗಿಡಕ್ಕೆ ಸುರಿದಳು.

ಮಾಗಿಯ ಗಾಳಿ ಬೀಸುತ್ತಿತ್ತು. ಗೋಡೆ ಕಲ್ಲಿನದು, ಮೇಲೆ ತಗಡು. ಮೊದಲು ಸೀರೆಯಿಂದ ಕಟ್ಟಿಕೊಂಡೆ, ನೀರು ಕುಡಿಯಲು ಬಗ್ಗಿದರೂ ಸಡಿಲಾಗುತ್ತಿತ್ತು. ಹಳೆ ಬೆಡ್‌ಶೀಟಿನಿಂದ ಒಂದು ಚೀಲ ಹೊಲಿದೆ, ಗಾಳಿ ಅದರೊಳಗಿಂದಲೇ ಬರುತ್ತಿತ್ತು. ಮಂಗಳವಾರ ಊರಿನ ಆರೋಗ್ಯ ಕಾರ್ಯಕರ್ತೆ ಆಶಾಬಾಯಿ ತೂಗುವ ಕೊಕ್ಕೆ ಹಿಡಿದು ಬಂದಳು. ಒಂದು ಕಿಲೋ ಐನೂರ ಎಂಬತ್ತು. ನಲವತ್ತು ಗ್ರಾಂ ಇಳಿದಿತ್ತು.

"ಮುಂದಿನ ಮಂಗಳವಾರ ಏರಲಿಲ್ಲಂದ್ರ ಮತ್ತ ಸೊಲ್ಲಾಪುರ ನೋಡವ್ವಾ," ಅಂದಳು ಆಶಾಬಾಯಿ. ಮತ್ತೆ ಆ ಪೆಟ್ಟಿಗೆ, ಮತ್ತೆ ಕಿಟಕಿಯ ಹೊರಗೆ ನಾನು. ಮರುದಿನ ಬೆಳಿಗ್ಗೆ ಕೂಸಿನ ಅಂಗಾಲು ಮುಟ್ಟಿದರೆ ಕೊಡದ ನೀರಿನಷ್ಟು ತಣ್ಣಗಿತ್ತು.

ಮನೆಯಲ್ಲಿ ಮೂರು ಕಂಬಳಿ. ಒಂದು ಕುರಿಹಟ್ಟಿಯದು, ತುಂಬ ಮುಳ್ಳು. ಇನ್ನೊಂದು ಮಾವನ ಹೆಗಲಿನದು, ಅವರು ಉಣ್ಣುವಾಗಲೂ ಅದನ್ನು ಇಳಿಸುವುದಿಲ್ಲ. ಮೂರನೆಯದು ತೊಲೆಯ ಗಂಟಿನಲ್ಲಿತ್ತು. ಎಳ್ಳ ಅಮಾಸಿಯ ದಿನ ನಮ್ಮ ಮನೆತನದ ಹಿರಿಯ ಅದನ್ನು ಬಿರೋಬಾನ ಗುಡಿಯಲ್ಲಿ ಹಾಸಿ, ಭಂಡಾರದ ಅರಿಶಿನ ಚೆಲ್ಲಿ, ಅದರ ಮೇಲೆ ಪಂಕ್ತಿಯಲ್ಲಿ ಕೂರುತ್ತಾನೆ. ಅದಕ್ಕೆ ಕತ್ತರಿ ತಾಕಬಾರದು. ಹೆಂಗಸರು ಅದರ ಮೇಲೆ ಕೂರಬಾರದು. ಬಾಣಂತಿಯ ನೆರಳೂ ಬೀಳಬಾರದು. ನಾನೂ ಕುರುಬರ ಮಗಳೇ, ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾವ ಕುರಿ ಬಿಟ್ಟುಕೊಂಡು ಹೋಗಿದ್ದರು. ಗಂಡ ಸೋಮು ಅಕ್ಕಲಕೋಟೆಗೆ, ಅತ್ತೆ ಗಿರಣಿಗೆ. ಕೂಸನ್ನು ಕಟ್ಟಿಕೊಂಡೇ ಮಂಚ ಹತ್ತಿ ಗಂಟು ಇಳಿಸಿದೆ. ಮಣಿಕಟ್ಟಿನ ಒಳಗೆ ಉಜ್ಜಿ ನೋಡಿದೆ, ಕೆನ್ನೆಗೆ ಹಚ್ಚಿ ನೋಡಿದೆ. ಮರಿಗಳ ಮೊದಲ ಕತ್ತರಿಯ ಉಣ್ಣೆ ಅದು. ನೇಕಾರ ಹಚ್ಚಿದ ಹುಣಸೆಬೀಜದ ಗಂಜಿ ಎಷ್ಟೋ ವರ್ಷದ ಹಿಂದೆಯೇ ಹೋಗಿತ್ತು. ನೂಲು ಎಲ್ಲೂ ದಪ್ಪ ಇಲ್ಲ, ಎಲ್ಲೂ ತೆಳು ಇಲ್ಲ. ಇಂಥ ಬಟ್ಟೆ ವರ್ಷಕ್ಕೊಂದು ದಿನ ಬಿಚ್ಚಿ ಉಳಿದ ದಿನ ಇಲಿಗೆ ಕಾವಲು ಕೂರುವುದು. ನನ್ನ ಕೂಸಿನ ಕಾಲು ತಣ್ಣಗಾಗುವುದು. ಆ ಸಿಟ್ಟಿನಲ್ಲೇ ಕತ್ತರಿ ಹಾಕಿದೆ. ಗೆರೆ ಎಳೆದ ಹಾಗೆ ಸರಳ ಹೋಯಿತು.

ಎದೆಯ ಅಳತೆಗೆ ಒಂದು ಅಗಲದ ಪಟ್ಟಿ, ಬೆನ್ನ ಮೇಲೆ ಅಡ್ಡ ಹಾಯ್ದು ಸೊಂಟಕ್ಕೆ ಬರುವ ಎರಡು ಉದ್ದ ಪಟ್ಟಿ, ಕೂಸಿನ ತಲೆಗೆ ಒಂದು ಮಡಿಕೆ. ಒಳಗೆ ಎರಡು ಸಲ ಕುದಿಸಿ ಒಣಗಿಸಿದ ಹಳೆ ಧೋತರದ ಅಸ್ತರು. ಅಂಚು ಬಿಚ್ಚದಂತೆ ದಾರದಲ್ಲಿ ಕಟ್ಟಿದೆ. ಉಳಿದ ಅರ್ಧ ಕಂಬಳಿಯನ್ನು ಮೊದಲಿನಂತೆಯೇ ಮಡಿಚಿ, ಗಂಟು ದಪ್ಪ ಕಾಣಲೆಂದು ಒಳಗೆ ನನ್ನದೊಂದು ಲಂಗ ತುರುಕಿ ತೂಗುಹಾಕಿದೆ. ಮೇಲೆ ಸೆರಗು ಹೊದ್ದು ಒಂಬತ್ತು ದಿನ ಓಡಾಡಿದೆ. ಯಾರಿಗೂ ಕಾಣಲಿಲ್ಲ. ಮುಂದಿನ ಮಂಗಳವಾರ ಒಂದು ಕಿಲೋ ಏಳುನೂರ ಹತ್ತು. ಆಶಾಬಾಯಿ ಕೊಕ್ಕೆಯನ್ನು ತಟ್ಟಿ ಇನ್ನೊಮ್ಮೆ ತೂಗಿದಳು. ಅಷ್ಟೇ ಬಂತು.

ಆ ಶುಕ್ರವಾರ ಎಳ್ಳ ಅಮಾಸಿ. ಮನೆತನಕ್ಕೆ ಇಂಥ ದಿನವಿದೆ ಎಂದು ಮರೆತಿರಲಿಲ್ಲ. ಅಷ್ಟರೊಳಗೆ ಏನಾದರೂ ಉಪಾಯ ಹೊಳೆದೀತು ಎಂದುಕೊಂಡಿದ್ದೆ. ಹೊಳೆಯಲಿಲ್ಲ. ಬೆಳಿಗ್ಗೆ ಮಾವ ಮಿಂದು ಬಂದು ರುಮಾಲು ಸುತ್ತುತ್ತಿದ್ದಾಗ ಅತ್ತೆ ಗಂಟು ಬಿಚ್ಚಿದಳು. ಮೊದಲು ಲಂಗ ಬಿತ್ತು.

"ಅಯ್ಯ ನನ ದೇವರೇ! ಏನ್ರಿ, ಇಲ್ಲಿ ಬರ್ರಿ! ಕಂಬಳಿ ಅರ್ಧ ಐತಿ!"

"ಇಲಿ ಕಡದಿರಬೇಕು," ಅಂದ ಸೋಮು.

ಅತ್ತೆ ಅಂಚನ್ನು ಬೆಳಕಿಗೆ ಹಿಡಿದಳು. "ಇಲಿ ಇಷ್ಟ ಸರಳ ಕಡೀತೈತೇನೋ, ಹುಚ್ಚ ಖೋಡಿ?"

ಮೂವರೂ ನನ್ನ ಕಡೆ ತಿರುಗಿದರು. ಸರಳ ಕತ್ತರಿಸುವವಳು ಮನೆಯಲ್ಲಿ ಒಬ್ಬಳೇ.

"ನನಗ ಗೊತ್ತಾಗಲಿಲ್ಲರಿ. ಹಳೇದ ಅನ್ಕೊಂಡೆ," ಅಂದೆ. ಸೆರಗು ಸರಿಸಿ ತೋರಿಸಿಯೂ ಬಿಟ್ಟೆ. ಕೂಸಿನ ತಲೆ ಮಡಿಕೆಯಿಂದ ಇಣುಕುತ್ತಿತ್ತು.

ಮಾವ ಕೂಸಿನ ಕಡೆ ನೋಡಲೂ ಇಲ್ಲ. ಕಂಬಳಿಯನ್ನಷ್ಟೇ ನೋಡಿ, ಚಪ್ಪಲಿ ಮೆಟ್ಟಿ ಹೊರಟರು. ಸೋಮು ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಒಂದ ದಿನಾ ಬಿಚ್ಚಿ ಕೊಡ, ರೂಪಾಲಿ. ಜೋಡಿಸಿ ಹೊಲದ ಹಾಸಿದ್ರ ಮುಗೀತು. ಅಪ್ಪನ ಮರ್ಯಾದಿ ಹೋಗತೈತಿ."

"ಆ ಒಂದ ದಿನಾ ಕೂಸಿನ್ನ ನಿಮ್ಮಪ್ಪನ ಮರ್ಯಾದಿ ಒಳಗ ಸುತ್ತಿಡಲೇನು?" ಅಂದೆ. ಅವನು ಗೋಡೆ ನೋಡಿದ. ಮದುವೆಯಾದ ಐದು ವರ್ಷದಿಂದ ಅವನು ಗೋಡೆಯನ್ನೇ ನೋಡುತ್ತಿದ್ದಾನೆ.

ಮಾವ ಗುಡಿಯ ಪೂಜಾರಿ ಸಾತಲಿಂಗಪ್ಪನನ್ನು ಕರೆದುಕೊಂಡು ಬಂದರು. ಬಾಣಂತಿ ಇರುವ ಮನೆ. ಆತ ಹೊಸ್ತಿಲ ಹೊರಗೇ ನಿಂತ. ನಮ್ಮತ್ತೆಗೆ ದೂರದ ಮೈದುನನಾಗಬೇಕು.

"ವೈನಿ, ಆ ತುಂಡ ಹೊರಗ ಕೊಡ್ರಿ. ಬಾಣಂತಿ ಮೈ ಹತ್ತೈತಿ, ವಿಟಾಳ ಆಗೈತಿ, ಮೈಲಿಗಿ ಆಗೈತಿ. ಬೋರಿ ಹೊಳಿಗಿ ಒಯ್ದ ತೊಳೀಬೇಕು. ಇಲ್ಲಂದ್ರ ಮಲ್ಲಯ್ಯ ಇವತ್ತ ಪಂಕ್ತ್ಯಾಗ ಕುಂಡ್ರಾಕ ಬರೂದಿಲ್ಲ."

"ತೊಳದ ಮ್ಯಾಲ ಒಣಗಾಕ ಎಷ್ಟ ದಿನಾ ಬೇಕರಿ?" ಒಳಗಿನಿಂದ ನಾನೇ ಕೇಳಿದೆ.

"ಈ ಥಂಡ್ಯಾಗ ಎರಡ ದಿನಾ ಹಿಡೀತೈತಿ."

"ಎರಡ ದಿನಾ ಕೂಸಿನ್ನ ಏನ ಹೊದಿಸಲಿ? ನಿಮ್ಮ ರುಮಾಲ ಕೊಡ್ತೀರೇನು?"

"ಸೊಸಿ ಬಾಯಿ ಭಾಳ ಆತು," ಅಂದರು ಮಾವ. ನನಗಲ್ಲ, ಅತ್ತೆಗೆ. "ಒಳಗ ಹೋಗು. ಬಿಚ್ಚಕೊಂಡ ಬಾ."

ಅತ್ತೆ ಒಳಗೆ ಬಂದಳು. ನಾನು ಬೆನ್ನನ್ನು ಗೋಡೆಗೆ ಒತ್ತಿ ನಿಂತೆ, ಪಟ್ಟಿಯ ಗಂಟು ಸೊಂಟದ ಹಿಂದಿತ್ತು. "ತಿರುಗು," ಅಂದಳು. ತಿರುಗಲಿಲ್ಲ. "ನಾ ಬಿಚ್ಚಲ್ಲ ಅತ್ತಿ. ಕೂಸ ತಣ್ಣಗಾದ್ರ ನೀವ ಬರ್ತೀರೇನು ಸೊಲ್ಲಾಪುರಕ್ಕ? ಕಿಟಕ್ಯಾಗಿಂದ ನೋಡಿ ಎಸ್‌ಟಿ ಹತ್ತವ್ರು ನೀವು." ನನ್ನ ದನಿ ಅವಳ ದನಿಯಷ್ಟೇ ಎತ್ತರಕ್ಕೆ ಹೋಗಿತ್ತು. ಕೂಸು ಬೆಚ್ಚಿ ಬಾಯಿ ತೆರೆಯಿತು.

ಅತ್ತೆ ಪಕ್ಕೆಯಿಂದ ಕೈ ಹಾಕಿ ಪಟ್ಟಿಯನ್ನು ಹಿಡಿದಳು. ಎಳೆಯುತ್ತಾಳೆ ಎಂದು ನಾನು ಎರಡೂ ಕೈಯಿಂದ ಕೂಸನ್ನು ಅಪ್ಪಿಕೊಂಡೆ. ಅವಳು ಎಳೆಯಲಿಲ್ಲ. ಹೆಬ್ಬೆರಳು ಅಂಚಿನ ಮೇಲೆ ಒಂದು ಗೇಣು ಓಡಿತು, ಅಲ್ಲಿ ನಿಂತಿತು. ಇನ್ನೊಂದು ಕಡೆ ಓಡಿತು.

"ಇದಕ್ಕ ಯಾವ ದಾರ ಹಾಕೀ?"

"ಹತ್ತೀದು."

"ಹತ್ತೀ ದಾರ? ಉಣ್ಣಿಗಿ ಹತ್ತೀ ದಾರ?" ಈಗ ನಿಜವಾಗಿ ಸಿಟ್ಟು ಬಂತು ಅವಳಿಗೆ, ಕಂಬಳಿ ಅರ್ಧವಾದದ್ದಕ್ಕೂ ಅಷ್ಟು ಬಂದಿರಲಿಲ್ಲ. "ಎರಡ ಸಲ ಎಳದ್ರ ಹತ್ತೀ ದಾರ ನೂಲ ಕಡೀತೈತಿ, ಅಷ್ಟೂ ಗೊತ್ತಿಲ್ಲ? ಸೊಲ್ಲಾಪುರದಾಗ ಹೊಲಿಗಿ ಕ್ಲಾಸ್ ಮಾಡೀನಿ ಅಂತಾಳ! ಆರ ತಿಂಗಳ ನೂತೀನಿ ಇದನ್ನ, ಆರ ತಿಂಗಳ! ಒಂದ ಎಳೀಗೂ ಗಂಟ ಇಲ್ಲ. ತಂದ ಹತ್ತೀ ದಾರ ಹಾಕ್ಯಾಳ, ಕಳ್ಳಿ!"

"ಗಂಗೂ, ಬಿಚ್ಚಿಯೇನು?" ಹೊರಗಿನಿಂದ ಮಾವ.

ಅತ್ತೆ ಹೊಸ್ತಿಲಿಗೆ ಹೋದಳು. ಕೈ ಖಾಲಿ ಇತ್ತು.

"ಸಾತಲಿಂಗಪ್ಪಾ, ಒಂದ ಮಾತ ಕೇಳ್ತೀನಿ. ಬಾಣಂತಿ ಮೈ ಹತ್ತಿದ್ರ ಕಂಬಳಿ ವಿಟಾಳ ಆಗತೈತಿ, ಹೌದಲ್ಲೋ?"

"ಹೌದ ವೈನಿ."

"ಹಂಗಾರ ಇದ ಹುಟ್ಟತಾನೇ ವಿಟಾಳ. ಈ ಸೋಮ್ಯಾ ಹುಟ್ಟಿ ಒಂಬತ್ತ ದಿನಾ ಆಗಿತ್ತು. ಕುರಿ ನಿಲ್ಲಲಿಲ್ಲ, ನಿಮ್ಮಣ್ಣ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಬೆನ್ನ ಮ್ಯಾಲ ಇಂವ, ಕೈಯಾಗ ಕದರು. ಈ ನೂಲಿನ ಮೊದಲ ಎಳಿ ಮರವಡಿ ದಾರ್ಯಾಗ ಹಸಿ ಮೈಲೆ ತಗದೀನಿ. ಕೈಗಿ ಹಾಲ ಸೋರತಿತ್ತು, ಅದ ಕೈಲೆ ನೂತೀನಿ. ಇಪ್ಪತ್ತೆಂಟ ವರ್ಷ ಅದರ ಮ್ಯಾಲ ಭಂಡಾರ ಹಾಕಿ ಕುಂತೀರಿ. ದೇವರಿಗಿ ಗೊತ್ತಾಗಲಿಲ್ಲ, ನಿನಗ ಇವತ್ತ ಗೊತ್ತಾತೇನು?"

ಸಾತಲಿಂಗಪ್ಪ ರುಮಾಲು ಸರಿಮಾಡಿಕೊಂಡ. "ವೈನಿ, ಇದೆಲ್ಲಾ ಹೇಳೂ ಮಾತಲ್ಲ."

"ಅದಕ್ಕ ಇಷ್ಟ ವರ್ಷ ಹೇಳಿಲ್ಲ. ಯಾರ ಕೇಳೀರಿ ನೂತವ್ರು ಯಾರ ಅಂತ? ಕುರಿ ಅವರದು, ಕಂಬಳಿ ದೇವರದು. ನಡಕೋತ ನೂತಾಕಿ ಯಾರೂ ಅಲ್ಲ. ಇನ್ನ ಆ ತುಂಡ ಬಿಚ್ಚೂದಿಲ್ಲ. ಬೇಕಂದ್ರ ಉಳದ ಅರ್ಧ ಒಯ್ರಿ. ಅದೂ ಬಾಣಂತೀದ, ನೋಡ್ಕೋರಿ."

ಮಾವ ಉಳಿದ ಅರ್ಧವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಸಾತಲಿಂಗಪ್ಪ ನಾಲ್ಕು ಹೆಜ್ಜೆ ಹಿಂದೆ ಹೋದ.

ಇಷ್ಟು ಓದಿ ಅತ್ತೆ ನನ್ನನ್ನು ಅಪ್ಪಿಕೊಂಡಳು ಎಂದು ಯಾರಾದರೂ ತಿಳಿದರೆ ಅವರಿಗೆ ಗಂಗೂಬಾಯಿ ಗೊತ್ತಿಲ್ಲ. ಬಾಗಿಲು ಎಳೆದುಕೊಂಡು ಬಂದು ಮೊದಲು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಗೊತ್ತಾಗಲಿಲ್ಲ ಅಂತ ಸುಳ್ಳ ಬೊಗಳತಿ. ಗಂಟಿನಾಗ ಲಂಗಾ ತುರಕಾಕ ಗೊತ್ತಾತೇನು? ಕದ್ರ ನೆಟ್ಟಗ ಕದೀಬೇಕು." ಆಮೇಲೆ, "ಬಿಚ್ಚು. ಅಂಚ ನಾ ಕಟ್ತೀನಿ," ಅಂದಳು.

"ಕೂಸು?"

ಅವಳು ಕುಪ್ಪಸದ ಗಂಟು ಬಿಚ್ಚಿ, ಮಂಚದ ಮೇಲೆ ಕುಳಿತು, ಎರಡೂ ಕೈ ಚಾಚಿದಳು. ಬಿಸಿಲಿಗೆ ಕಪ್ಪಾದ ಕುತ್ತಿಗೆ, ಅದರ ಕೆಳಗೆ ಎಂದೂ ಬಿಸಿಲು ಕಾಣದ ಎದೆ. ಕೂಸನ್ನು ಅಲ್ಲಿ ಮಲಗಿಸಿದೆ. ಮೇಲೆ ಎರಡು ಸೀರೆ ಹೊದಿಸಿದೆ. ಕೂಸು ಸ್ವಲ್ಪ ಕೊಸರಿ ಸುಮ್ಮನಾಯಿತು. ಅತ್ತೆ ಸೊಂಟದ ಕದರಿನಿಂದ ನೂಲು ಬಿಚ್ಚಿ, ಹತ್ತಿ ದಾರವನ್ನೆಲ್ಲ ಕಿತ್ತು ಎಸೆದು, ಉಣ್ಣೆಯ ನೂಲಿನಲ್ಲಿ ಹೊಸದಾಗಿ ಅಂಚು ಕಟ್ಟತೊಡಗಿದಳು. ಕೂಸಿನ ತಲೆಯ ಮೇಲಿನಿಂದಲೇ ಸೂಜಿ ಹೋಗಿ ಬರುತ್ತಿತ್ತು. ಕೈ ಹೇಗೆ ಹೋಗುತ್ತದೆ ಎಂದು ನಾನು ಬಗ್ಗಿ ನೋಡಿ ಕಲಿತೆ. ಎರಡು ಎಳೆ ಒಟ್ಟಿಗೆ, ಮೂರನೆಯದು ಒಳಗಿಂದ. ಅದನ್ನು ಯಾವ ಕ್ಲಾಸಿನಲ್ಲೂ ಹೇಳಿರಲಿಲ್ಲ.

ಅರ್ಧ ಆಗುವಷ್ಟರಲ್ಲಿ ಅವಳ ಬೆನ್ನು ನೋಯತೊಡಗಿತು. ನಾನು ಕೂಸಿಗೆ ಎದೆಹಾಲು ಹಿಂಡಬೇಕಿತ್ತು.

"ಏ ಸೋಮ್ಯಾ! ಇಲ್ಲಿ ಬಾ. ಅಂಗಿ ಕಳಿ."

"ನಾನಾ? ಯವ್ವಾ, ಮಂದಿ ನೋಡ್ತಾರ."

"ಮಂದಿ ಏನ ನೋಡ್ತಾರ? ನಿನ್ನ ಎದೀ ಮ್ಯಾಲ ಕೂದಲಾ ಅದಾವ ಅಂತನಾ? ಕಳಿ ಅಂದ್ರ ಕಳಿ."

ಅವನು ಅಂಗಿ ಕಳೆದ. ಕೂಸು ಅವನ ಎದೆಗೆ ಬಂದಾಗ ಉಸಿರು ಬಿಡಲೂ ಹೆದರಿ ನೆಟ್ಟಗೆ ಕುಳಿತ. ಆ ದಿನದಿಂದ ಮಧ್ಯಾಹ್ನ ಎರಡು ತಾಸು ಅವನ ಪಾಳಿ. ಬಾಗಿಲು ಹಾಕಿಕೊಂಡೇ ಮಾಡುತ್ತಾನೆ. ಮಾಡಲಿ. ಅವನ ಮೇಲಿನ ಸಿಟ್ಟು ಅಷ್ಟಕ್ಕೆ ಕರಗುವಂಥದಲ್ಲ.

ಮಾವನನ್ನು ಪಂಕ್ತಿಯಲ್ಲಿ ಕೂರಿಸಲಿಲ್ಲ. ಗುಡಿಯ ಹೊರಗೆ ಕಟ್ಟೆಯ ಮೇಲೆ ಆ ಅರ್ಧವನ್ನೇ ಹಾಸಿ ಒಬ್ಬರೇ ಕುಳಿತಿದ್ದರಂತೆ. ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ನನ್ನೊಡನೆ ಮಾತು ಇಲ್ಲ. ಅದು ಸರಿ, ನಾನು ಕದ್ದವಳು. ಆದರೆ ಮನೆಗೆ ಬಂದ ಕೂಸಿನ ಮುಖವನ್ನು ಇವತ್ತಿನವರೆಗೂ ಅವರು ನೋಡಿಲ್ಲ. ಅದು ಯಾರ ಕಂಬಳಿಯನ್ನೂ ಕತ್ತರಿಸಿಲ್ಲ. ಇದನ್ನು ನಾನು ಮರೆಯುವುದಿಲ್ಲ.

ನಿನ್ನೆ ಕೂಸು ಎರಡು ಕಿಲೋ ನೂರು ದಾಟಿತು. ಕಾಲು ಮಡಿಕೆಯಿಂದ ಹೊರಗೆ ಬರುತ್ತಿದೆ, ಚೀಲ ಸಣ್ಣದಾಯಿತು. ಚಳಿ ಇನ್ನೂ ಒಂದು ತಿಂಗಳಿದೆ. ಈ ಸಲ ಮಂಚ ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಮಾವ ಕುರಿ ಬಿಡಲು ಎದ್ದಾಗ ಎದುರಿಗೆ ಹೋಗಿ ನಿಂತೆ.

"ಮಾವಾರ, ಉಳದ ಕಂಬಳಿ ಬೇಕಾಗೈತ್ರಿ. ಕೂಸು ಬೆಳದೈತಿ."

ಎಷ್ಟೋ ದಿನದ ಮೇಲೆ ನನಗೆ ನೇರವಾಗಿ ಮಾತಾಡಿದರು. "ಕೇಳೂದ ಈಗ ಬಂತೇನು ನಿನಗ?"

"ಆವಾಗ ಕೇಳಿದ್ರ ಕೊಡ್ತಿದ್ರೇನ್ರಿ?"

"ಇಲ್ಲ."

"ಅದಕ್ಕ ಕೇಳಲಿಲ್ಲರಿ."

ಹಟ್ಟಿಯ ಹತ್ತಿರ ಕುರಿಗಳು ಬಾಗಿಲಿಗೆ ನುಗ್ಗುತ್ತಿದ್ದವು. ಅವರು ಒಳಗೆ ಹೋಗಿ ಕೋಲು ತೆಗೆದುಕೊಂಡರು, ಹೆಗಲ ಕಂಬಳಿ ಹೊದ್ದರು, ಹೊರಟರು. ನಾನು ಒಳಗೆ ಬಂದಾಗ ದೇವರ ಅರ್ಧ ಕಂಬಳಿ ತೊಲೆಯಿಂದ ಇಳಿದು ಮಂಚದ ಮೇಲೆ ಇತ್ತು. ನಾಲ್ಕಾಗಿ ಮಡಿಚಿಟ್ಟಿತ್ತು.

ಕೊಟ್ಟರು ಎಂದು ಅತ್ತೆ ಹೇಳುತ್ತಾಳೆ. ನಾನು ಹಾಗೆ ಬರೆಯುವುದಿಲ್ಲ. ಕೊಡುವವರು ಕೈಯಲ್ಲಿ ಕೊಡುತ್ತಾರೆ, ಮುಖ ನೋಡಿ ಕೊಡುತ್ತಾರೆ. ಅವರು ಬಿಟ್ಟುಹೋದರು, ಅಷ್ಟೇ. ಕೂಸನ್ನು ಸೋಮುವಿನ ಎದೆಗೆ ಕೊಟ್ಟು, ಅತ್ತೆಯಿಂದ ಎರಡು ಮಾರು ಉಣ್ಣೆಯ ನೂಲು ಕೇಳಿ ಇಸಿದುಕೊಂಡು, ಅಳತೆ ಹಿಡಿದು ಕತ್ತರಿ ಹಾಕಿದೆ.